ಮೂರು ದಿನ ಬಿಟ್ಟು ಬನ್ನಿ

ಮೇ 11

ಪ್ರೀತಿಯ ತಂಗೀ,

ಉತ್ತರ ತಡವಾಯಿತೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಏನು ಮಾಡಲಿ, ಕಾಲೇಜಿಗೆ ಹೊಸಬರು ಸೇರುವ ತಿಂಗಳು ಇದು. ಭದ್ರತಾ ಕಚೇರಿಯ ಗುಮಾಸ್ತನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನನಗೆ "ಹೂಂ", "ಆಯ್ತು" ಬಿಟ್ಟರೆ ಬೇರೆ ಮಾತು ಹೊರಡುವುದಿಲ್ಲ.

ಪಿಟೀಲನ್ನು ನಮ್ಮ ಕಾಲೇಜಿಗೆ ಸೇರಿಸಬಹುದೇ, ಹೆಣ್ಣುಮಕ್ಕಳಿಗೆ ಇಲ್ಲಿ ಭಯವಿಲ್ಲವೇ ಎಂದು ಕೇಳಿದ್ದೀಯ. (ಹುಟ್ಟಿದ ಹೊಸದರಲ್ಲಿ ಅತ್ತೂ ಅತ್ತೂ ಮನೆಯವರ ತಲೆ ತಿಂದವಳಿಗೆ ನಾನಿಟ್ಟ ಹೆಸರು ಹದಿನೆಂಟು ವರ್ಷವಾದರೂ ಬಿಟ್ಟಿಲ್ಲ ನೋಡು.) ಈ ಲಕೋಟೆಯಲ್ಲಿ ನಮ್ಮ ವಾರ್ಷಿಕ ಸುರಕ್ಷತಾ ಪತ್ರಿಕೆ ಇಟ್ಟಿದ್ದೇನೆ. ಎಲ್ಲ ತಂದೆತಾಯಿಯರಿಗೂ ಕೊಡುವಂಥದ್ದು. ಓದಿಕೋ. ಸೈಕಲ್ ಕಳವು ಮೂರು. ಹಲ್ಲೆ ಸೊನ್ನೆ. ಕಿರುಕುಳ ಸೊನ್ನೆ. ಎಲ್ಲವೂ ಸೊನ್ನೆಯಾದರೆ ಜನ ನಂಬುವುದಿಲ್ಲವೆಂದು ನಮ್ಮ ಸಾಹೇಬರು ಸೈಕಲ್ಲುಗಳನ್ನು ಉಳಿಸಿಕೊಳ್ಳುತ್ತಾರೆ.

ಈ ಸೊನ್ನೆಗಳು ಸುಮ್ಮನೆ ಬಂದವಲ್ಲ. ಅವುಗಳ ಹಿಂದೆ ನಿನ್ನ ಅಣ್ಣನ ಹನ್ನೊಂದು ವರ್ಷದ ಕೈಚಳಕವಿದೆ. ದೂರು ತಂದವರು ಬರುವುದು ನನ್ನ ಕಿಟಕಿಗೆ. ನಾನು ರಿಜಿಸ್ಟರಿನಲ್ಲಿ ಮೊದಲು ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತೇನೆ. "ಮೂರು ದಿನ ಬಿಟ್ಟು ಬನ್ನಿ, ಬಂದು ಸಹಿ ಹಾಕಿ" ಎನ್ನುತ್ತೇನೆ. ಬಂದರೆ ಅದರ ಮೇಲೆ ಇಂಕಿನಲ್ಲಿ ತಿದ್ದುತ್ತೇನೆ. ಬಾರದಿದ್ದರೆ ರಬ್ಬರು. ಹತ್ತರಲ್ಲಿ ಒಂಬತ್ತು ಮಂದಿ ಬರುವುದಿಲ್ಲ. ಮೂರು ದಿನದಲ್ಲಿ ಸಿಟ್ಟು ಇಳಿದಿರುತ್ತದೆ, ಗೆಳತಿಯರು ಬುದ್ಧಿ ಹೇಳಿರುತ್ತಾರೆ. ಈ ಪದ್ಧತಿ ಯಾವ ನಿಯಮದಲ್ಲೂ ಇಲ್ಲ, ನನ್ನದೇ ತಲೆಯದು. ಸಾಹೇಬರಿಗೆ ಬಲು ಮೆಚ್ಚುಗೆ.

ಹೋದ ತಿಂಗಳು ಒಬ್ಬಳು ಬಂದಳು ನೋಡು, ಕಾಲಲ್ಲಿ ಒಂದೇ ಚಪ್ಪಲಿ. ಜಿಮ್ನಾಸಿಯಮ್ಮಿನ ಹಿಂದೆ ಯಾರೋ ಅಟ್ಟಿಸಿಕೊಂಡು ಬಂದರಂತೆ, ಓಡುವಾಗ ಚಪ್ಪಲಿ ಬಿಟ್ಟುಹೋಯಿತಂತೆ. ನಾನು ಕೇಳಿದೆ, "ಅವನ ಮುಖ ನೋಡಿದ್ಯಾಮ್ಮ?" ಇಲ್ಲ. "ಅಂಗಿ ಬಣ್ಣ?" ಇಲ್ಲ. "ಮುಖಾನೂ ಇಲ್ಲ, ಅಂಗೀನೂ ಇಲ್ಲ. ನಾನು ಏನಂತ ಬರ್ಕೊಳ್ಳಲಿ, ಗಾಳಿ ಅಟ್ಟಿಸ್ಕೊಂಡು ಬಂತು ಅಂತಾನಾ?" ಎಂದೆ. ಪಕ್ಕದ ಮೇಜಿನವರು ಬಿದ್ದು ಬಿದ್ದು ನಕ್ಕರು. ಆ ಹುಡುಗಿಯ ಮುಖದಲ್ಲೂ ನಗುವಿನಂಥದ್ದೇನೋ ಬಂತು. ಒಂದು ಲೋಟ ನೀರು ಕೊಟ್ಟು ಕಳಿಸಿದೆ. ಮತ್ತೆ ಇತ್ತ ತಲೆ ಹಾಕಲಿಲ್ಲ.

ಹಾಗಾಗಿ ಕಣ್ಣು ಮುಚ್ಚಿಕೊಂಡು ಕಳಿಸು. ಸೋದರಮಾವನೇ ಕಿಟಕಿಯಲ್ಲಿ ಕೂತಿರುವಾಗ ಅವಳನ್ನು ಮುಟ್ಟುವವರು ಯಾರು?

ನಿನ್ನ ಅಣ್ಣ


ಮೇ 25

ಅಣ್ಣಾ,

ನಿನ್ನ ಪತ್ರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಂದಿನಂತೆ ಭಾನುವಾರ ಮಧ್ಯಾಹ್ನ, ಪಿಟೀಲು ಇಸ್ತ್ರಿ ಮಾಡುತ್ತಿದ್ದಳು, ನಾನು ಗಟ್ಟಿಯಾಗಿ ಓದಿದೆ. ಅವಳಪ್ಪ ಹೋದ ಮೇಲೆ ಈ ಮನೆಯಲ್ಲಿ ಗಂಡಸಿನ ದನಿ ಅಂತ ಕೇಳುವುದು ನಿನ್ನ ಪತ್ರಗಳಲ್ಲೇ. ಗಾಳಿ ಅಟ್ಟಿಸಿಕೊಂಡು ಬಂದ ಮಾತನ್ನು ಹೊಲಿಗೆ ಕಾರ್ಖಾನೆಯಲ್ಲೂ ಹೇಳಿದೆ. ಕತ್ತರಿಸುವ ಮೇಜಿನ ಸುತ್ತ ನಿಂತ ಏಳು ಹೆಂಗಸರಲ್ಲಿ ಆರು ಮಂದಿ ನಕ್ಕರು.

ನಮ್ಮ ಪಿಟೀಲಿಗೆ ಮಾತ್ರ ಎಲ್ಲದಕ್ಕೂ ಪ್ರಶ್ನೆ. "ಅಮ್ಮ, ಅವಳು ಒಂದೇ ಚಪ್ಪಲೀಲಿ ಹಾಸ್ಟೆಲ್‌ಗೆ ಹೇಗೆ ಹೋದ್ಲು?" ಎಂದಳು. "ಕುಂಟಾಬಿಲ್ಲೆ ಆಡ್ಕೊಂಡು ಹೋದ್ಲು, ನಿಂಗ್ಯಾಕೆ ಅದೆಲ್ಲ, ಕಾಲರ್ ಸುಕ್ಕಾಗಿದೆ ನೋಡು" ಎಂದೆ. ಮಾವನಿಗೆ ಬರೆದು ಕೇಳು ಎಂದಿದ್ದಾಳೆ. ಕೇಳಿದ್ದೇನೆ, ನನ್ನ ಪಾಲಿನದು ಮುಗಿಯಿತು.

ಅರ್ಜಿ ಹಾಕಿದ್ದೇವೆ. ನಾನು ಎರಡು ದಿನ ರೈಲಿನಲ್ಲಿ ಕೂತು ಬರಬೇಕಾದ ಊರಿಗೆ ಇರುವ ಒಬ್ಬಳೇ ಮಗಳನ್ನು ಕಳಿಸುತ್ತಿರುವುದು ನಿನ್ನ ಮುಖ ನೋಡಿಕೊಂಡು. ನೆನಪಿರಲಿ.

ನಿನ್ನ ತಂಗಿ


ಜುಲೈ 20

ಪ್ರೀತಿಯ ತಂಗೀ,

ಮಗಳು ಸುಖವಾಗಿದ್ದಾಳೆ. ಹಾಸ್ಟೆಲಿನ ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ಜೊತೆಯಲ್ಲಿ ಇನ್ನೊಬ್ಬ ಹುಡುಗಿ ಇದ್ದಾಳಂತೆ, ನಾನಿನ್ನೂ ನೋಡಿಲ್ಲ. ಭಾನುವಾರ ನನ್ನ ಒಂದು ಕೋಣೆಯ ಅರಮನೆಗೆ ಊಟಕ್ಕೆ ಬರುತ್ತಾಳೆ, ನನ್ನ ಅಡುಗೆ ತಿಂದು ನಿನ್ನ ಅಡುಗೆಯನ್ನು ಹೊಗಳುತ್ತಾಳೆ.

ಮೊದಲ ದಿನವೇ ಅವಳನ್ನು ಕರೆದುಕೊಂಡು ಹೋಗಿ ನನ್ನ ಕಿಟಕಿ ತೋರಿಸಿದೆ. ಹೊಸಬರಿಗೆ ಕೊಡುವ ನಿಯಮಗಳ ಕೈಪಿಡಿಯನ್ನೂ ಕೊಟ್ಟೆ, ಹದಿನಾಲ್ಕು ಪುಟ, ಪೂರ್ತಿ ಟೈಪು ಮಾಡಿದವನು ನಾನೇ. ಅವಳು ರಿಜಿಸ್ಟರನ್ನು ದಿಟ್ಟಿಸಿ ನೋಡಿದಳು. "ಇದೇನಾ ಮಾವ ಆ ಪೆನ್ಸಿಲ್ಲು?" ಎಂದಳು. ನಿನ್ನ ಓದಿನಿಂದ ನಾನಾಗಲೇ ಪ್ರಸಿದ್ಧನಾಗಿದ್ದೇನೆ ಎಂದಾಯಿತು!

ಗ್ರಂಥಾಲಯದಿಂದ ಹಾಸ್ಟೆಲಿಗೆ ಹೋಗುವ ಹತ್ತಿರದ ದಾರಿಯಲ್ಲಿ, ಜಿಮ್ನಾಸಿಯಮ್ಮಿನ ಹಿಂದೆ, ಎರಡು ದೀಪ ಕೆಟ್ಟಿವೆ. ಸುತ್ತುದಾರಿಯಲ್ಲಿ ಹೋಗು ಎಂದು ಹೇಳಿದ್ದೇನೆ. ದೀಪಕ್ಕೆ ಅರ್ಜಿ ಹೋಗಿದೆ.

ನಿನ್ನ ಅಣ್ಣ


ಸೆಪ್ಟೆಂಬರ್ 9

ಅಣ್ಣಾ,

ಅಲ್ಲಿ ಚಳಿ ಶುರುವಾಗಿದೆಯಂತೆ. ಅವಳಿಗೊಂದು ಕೋಟು ಹೊಲಿದು ನಿನ್ನ ಕಚೇರಿಯ ವಿಳಾಸಕ್ಕೆ ಪಾರ್ಸೆಲ್ ಮಾಡಿದ್ದೇನೆ, ಕರೆದು ಕೊಡು. ಸಾಸಿವೆ ಬಣ್ಣದ ದಪ್ಪ ಬಟ್ಟೆ, ಆರ್ಡರಿನಲ್ಲಿ ಉಳಿದ ತುಂಡು. ಗುಂಡಿ ಯಾವುದು ಹಾಕಲಿ ಎಂದು ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ಯಾವುದೋ ಬ್ಯಾಂಡ್‌ನವರ ಸಮವಸ್ತ್ರ ಹೊಲಿದಾಗ ಮಿಕ್ಕ ಹಿತ್ತಾಳೆ ಗುಂಡಿಗಳು ಐದು ಸಿಕ್ಕವು, ಒಂದೊಂದರ ಮೇಲೂ ಪುಟ್ಟ ಲಂಗರಿನ ಚಿತ್ರ. ಎರಡೆಳೆ ದಾರದಲ್ಲಿ ಹೊಲಿದಿದ್ದೇನೆ, ಎತ್ತು ಎಳೆದರೂ ಕಿತ್ತುಬರಬಾರದು. ಇಂಥ ಕೋಟು ಆ ಕಾಲೇಜಿನಲ್ಲಿ ಇನ್ನೊಬ್ಬಳ ಮೈಮೇಲೆ ಇದ್ದರೆ ನನ್ನ ಹೆಸರು ಬದಲಾಯಿಸು.

ಅವಳ ಪತ್ರ ಬಂದರೆ ನಾಲ್ಕೇ ಸಾಲು. ನೀನಾದರೂ ಉದ್ದಕ್ಕೆ ಬರೆ.

ನಿನ್ನ ತಂಗಿ


ಅಕ್ಟೋಬರ್ 30

ಪ್ರೀತಿಯ ತಂಗೀ,

ಪಾರ್ಸೆಲ್ ಬಂದ ದಿನವೇ ಮಗಳು ಅದನ್ನು ಒಯ್ದಳು. ನಾನು ಬಿಚ್ಚಿಸಿ ನೋಡಲಿಲ್ಲ, ಕೋಟು ಗೀಟು ನನಗೇನು ತಿಳಿಯುತ್ತದೆ. ಹೋದ ಭಾನುವಾರ ಅವಳು ಊಟಕ್ಕೆ ಬರಲಿಲ್ಲ. ಓದು ಇರಬೇಕು, ಗೆಳತಿಯರೂ ಆಗಿರಬೇಕು. ಮುದಿ ಮಾವನ ಸಾರು ಯಾರಿಗೆ ಬೇಕು! ರಜೆಗೆ ಊರಿಗೆ ಹೊರಟದ್ದನ್ನೂ ನನಗೆ ಹೇಳಲಿಲ್ಲ, ಹಾಸ್ಟೆಲಿನ ಪಟ್ಟಿ ನೋಡಿ ತಿಳಿದುಕೊಂಡೆ. ಬಂದಾಗ ಕಿವಿ ಹಿಂಡು.

ಉದ್ದಕ್ಕೆ ಬರೆ ಅಂದೆಯಲ್ಲ, ತಗೋ ಹೊಸ ಕಥೆ. ಇಪ್ಪತ್ತೆರಡನೇ ತಾರೀಕು ಒಬ್ಬಳು ಕಿಟಕಿಗೆ ಬಂದಳು. ದೂರು ಅವಳದ್ದಲ್ಲವಂತೆ, ಗೆಳತಿಯದ್ದಂತೆ. ಹಿಂದಿನ ದಿನ ಸಂಜೆ ಆರೂವರೆಗೆ ಅದೇ ಜಿಮ್ನಾಸಿಯಮ್ಮಿನ ಹಿಂದೆ ಯಾರೋ ಬಾಯಿ ಮುಚ್ಚಿ ಎಳೆದುಕೊಂಡು ಹೋದರಂತೆ. ಕಚ್ಚಿ ತಪ್ಪಿಸಿಕೊಂಡಳಂತೆ. ಹೆಸರು ಕೇಳಿದರೆ, "ಹೇಳ್ಬಾರ್ದು ಅಂತ ಆಣೆ ಹಾಕ್ಸಿದಾಳೆ ಸಾರ್" ಎಂದಳು. "ಮತ್ತೆ ಅವಳೇ ಯಾಕೆ ಬರ್ಲಿಲ್ಲ?" ಎಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಅವಳು ನಿಮ್ಮ ಕಿಟಕಿಗೆ ಬರಲ್ಲ ಸಾರ್" ಎಂದಳು. ಎಷ್ಟು ಕೊಬ್ಬು ನೋಡು! ಸಾಕ್ಷಿಯೆಂದು ಕಾಗದದ ಪೊಟ್ಟಣ ಬಿಚ್ಚಿ ಎರಡು ಗುಂಡಿ ಇಟ್ಟಳು. ಹಿತ್ತಾಳೆಯವು, ಹಡಗಿನ ಕೊಕ್ಕೆಯಂಥ ಚಿತ್ರ, ಕಿತ್ತುಬಂದ ಬಟ್ಟೆ ಚೂರು ಇನ್ನೂ ದಾರದಲ್ಲಿತ್ತು. "ಏನಮ್ಮ, ಇದು ಭದ್ರತಾ ಕಚೇರಿ, ದರ್ಜಿ ಅಂಗಡಿ ಅಲ್ಲ" ಎಂದೆ. ಪಕ್ಕದ ಮೇಜು ಮತ್ತೆ ನಕ್ಕಿತು. ಹುಡುಗಿ ಗುಂಡಿಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿಕೊಂಡು ಹೋದಳು.

ಪೆನ್ಸಿಲ್ಲಿನಲ್ಲಿ ಬರೆದಿದ್ದೆ. ಮೂರು ದಿನ ಕಾದೆ. ಯಾರೂ ಬರಲಿಲ್ಲ. ಅಳಿಸಿದೆ. ಈ ವರ್ಷವೂ ಸೊನ್ನೆ ಕೆಡಲಿಲ್ಲವೆಂದು ಸಾಹೇಬರು ಚಹಾ ತರಿಸಿದರು.

ನಿನ್ನ ಅಣ್ಣ


ನವೆಂಬರ್ 1

ಅಣ್ಣಾ,

ನಿನ್ನ ಪತ್ರವಿಲ್ಲದೆ ಮೂರು ತಿಂಗಳ ಮೇಲಾಯಿತು. ದಾರಿಯಲ್ಲಿರಬಹುದು. ಮಗಳು ಬಂದಿದ್ದಾಳೆ. ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್! ಹಾಸ್ಟೆಲ್ ಮೆಟ್ಟಿಲಲ್ಲಿ ಜಾರಿದಳಂತೆ. ನಿನಗೇಕೆ ಹೇಳಲಿಲ್ಲ ಎಂದರೆ ಮಾವನಿಗೆ ಕೆಲಸ ಜಾಸ್ತಿ ಎನ್ನುತ್ತಾಳೆ. ಸೋದರಸೊಸೆಯ ಕೈ ಮುರಿದದ್ದು ಕಾಲೇಜಿಗೆಲ್ಲ ಕಣ್ಣಾಗಿರುವ ನಿನಗೇ ಗೊತ್ತಿಲ್ಲ, ಭೇಷ್.

ಕೋಟನ್ನು ನೋಡಿದರೆ ನನಗೆ ಅಳು ಬಂತು. ಮುಂದಿನ ಎರಡು ಗುಂಡಿ ಇಲ್ಲ, ಅಲ್ಲಿ ಬಟ್ಟೆಯೇ ಕಿತ್ತುಬಂದಿದೆ, ತೋಳಿನ ಹೊಲಿಗೆ ಬಿಟ್ಟಿದೆ, ಬೆನ್ನೆಲ್ಲ ಮಣ್ಣು. ಮೆಟ್ಟಿಲಲ್ಲಿ ಬಿದ್ದರೆ ಹೀಗೂ ಆಗುತ್ತದೆಯೇ? "ಅಮ್ಮ ಬೆರಳು ಚುಚ್ಚಿಕೊಂಡು ಹೊಲಿದದ್ದು ಅಂತ ಒಂಚೂರು ಮನಸ್ಸಿಗೆ ಬರ್ಲಿಲ್ವಾ?" ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಎದುರಾಡಲಿಲ್ಲ. ಮೊದಲಾಗಿದ್ದರೆ ನನಗೆ ನಾಲ್ಕು ತಿರುಗಿಸುತ್ತಿದ್ದಳು. ಕೋಟನ್ನು ಒಗೆದು, ಒಳಗಿನಿಂದ ತೇಪೆ ಕೊಟ್ಟು, ಬೇರೆ ಗುಂಡಿ ಹಾಕಿದ್ದೇನೆ. ಈಗ ಹರಿದದ್ದು ಎಲ್ಲಿ ಎಂದು ನನಗೇ ತಿಳಿಯದು, ಅಷ್ಟು ಚೆನ್ನಾಗಿ ಕೂತಿದೆ.

ಮನೆಯ ಬಾಗಿಲಿಗೆ ಹಗಲಲ್ಲೂ ಚಿಲಕ ಹಾಕುತ್ತಾಳೆ. ಊರು ಬದಲಾಗಿದ್ದಕ್ಕಿರಬೇಕು.

ನಿನ್ನ ತಂಗಿ


ನವೆಂಬರ್ 10

ತಂಗೀ,

ಒಂದನೇ ತಾರೀಕಿನ ನಿನ್ನ ಪತ್ರ ಈಗ ಬಂತು. ಮಗಳ ಕೈ ಹೇಗಿದೆ? ಒಳ್ಳೆಯ ಡಾಕ್ಟರಿಗೆ ತೋರಿಸು.

ನಾನು ಮೂವತ್ತನೇ ತಾರೀಕು ಒಂದು ಪತ್ರ ಹಾಕಿದ್ದೆ. ತಲುಪಿತೇ? ತಲುಪದಿದ್ದರೆ ಚಿಂತೆಯಿಲ್ಲ, ಅದರಲ್ಲಿ ಅಂಥದ್ದೇನೂ ಇಲ್ಲ, ಸುಮ್ಮನೆ ಏನೇನೋ ಗೀಚಿದ್ದೆ. ತಲುಪಿದ್ದರೆ ಒಡೆಯಬೇಡ. ಒಡೆದಿದ್ದರೆ ಗಟ್ಟಿಯಾಗಿ ಓದಬೇಡ.

ಇಲ್ಲಿ ಎಲ್ಲ ಕ್ಷೇಮ.

ಅಣ್ಣ


ನವೆಂಬರ್ 21

ತಂಗೀ,

ಉತ್ತರವಿಲ್ಲ. ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಕಾರ್ಖಾನೆಯಲ್ಲಿ ಆರ್ಡರಿನ ಕೆಲಸ ಹೆಚ್ಚಿರಬೇಕು. ರಜೆ ಮುಗಿದು ವಾರವಾಯಿತು, ಮಗಳು ಬಂದಿಲ್ಲ. ಕೈ ನೋವು ಇನ್ನೂ ಇರಬೇಕು. ಹಾಜರಿಯ ಬಗ್ಗೆ ನಾನು ಕಚೇರಿಯಲ್ಲಿ ಮಾತಾಡುತ್ತೇನೆ, ಅದೇನೂ ದೊಡ್ಡದಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ಅಣ್ಣ


ಡಿಸೆಂಬರ್ 3

ಅಣ್ಣನಿಗೆ,

ನಿನ್ನ ಪತ್ರ ಬಂದದ್ದು ನವೆಂಬರ್ ಎಂಟಕ್ಕೆ. ಭಾನುವಾರ ಓದಿದೆ. ಗಟ್ಟಿಯಾಗಿಯೇ ಓದಿದೆ. ಓದಬೇಡ ಎಂಬ ನಿನ್ನ ಪತ್ರ ಬಂದದ್ದು ಆಮೇಲೆ.

ಅವಳು ಒಂದೇ ಕೈಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮುದಿ ಮಾವನ ಸಾರು ಎಂಬಲ್ಲಿ ನಾನು ನಕ್ಕೆ. ಹೊಸ ಕಥೆ ಶುರುವಾದಾಗ ಕೊಬ್ಬಿನ ಹುಡುಗಿಯ ದನಿ ಬೇರೆ ಮಾಡಿ ತಮಾಷೆಗೆ ಓದಿದೆ. ಗುಂಡಿಗಳ ಸಾಲಿಗೆ ಬಂದಾಗ ನನ್ನ ಬಾಯಿ ತಾನೇ ನಿಂತುಹೋಯಿತು. ಬಟ್ಟೆ ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆ ನನ್ನ ರವಿಕೆಯ ಮೇಲೆ ಕೂತಿತ್ತು, ಅವಳು ಅದರ ಹಿಡಿ ಹಿಡಿದುಕೊಂಡೇ ನಿಂತಿದ್ದಳು. "ಮುಂದೆ ಓದಮ್ಮ. ಮಾವ ಆಮೇಲೆ ಏನ್ ಮಾಡಿದ್ರು?" ಎಂದಳು.

ಓದಿದೆ. ದರ್ಜಿ ಅಂಗಡಿ ಓದಿದೆ, ರಬ್ಬರು ಓದಿದೆ, ಚಹಾ ಓದಿದೆ.

ಆ ದಿನ ಸಂಜೆಯವರೆಗೆ ಅವಳು ಮಾತಾಡಿದಳು. ನಾನು ಎಲ್ಲವನ್ನೂ ನಿನಗೆ ಬರೆಯುವುದಿಲ್ಲ. ಒಂದನ್ನು ಮಾತ್ರ ಬರೆಯುತ್ತೇನೆ, ಅದು ನಿನಗೆ ಸೇರಿದ್ದು. ಅವನು ಬಾಯಿ ಮುಚ್ಚಿ ಎಳೆಯುತ್ತಿದ್ದಾಗ ಅವಳಿಗೆ ನೆನಪಾದದ್ದು ನಿನ್ನ ಒಂದು ಚಪ್ಪಲಿಯ ಕಥೆಯಂತೆ. "ಅಂಗಿ ಬಣ್ಣ ನೋಡ್ಬೇಕು, ಮಾವ ಕೇಳ್ತಾರೆ ಅಂತ ಅನ್ಸಿತಮ್ಮ. ನೋಡೋಕೆ ಅಂತ ಕತ್ತು ತಿರುಗಿಸ್ದೆ. ಆಗಲೇ ಬಿದ್ದಿದ್ದು, ಕೈ ಮುರಿದಿದ್ದು. ದೀಪ ಇರ್ಲಿಲ್ಲ. ಬಣ್ಣ ಕಾಣ್ಲಿಲ್ಲ. ಅದಕ್ಕೇ ಹೋಗ್ಲಿಲ್ಲ" ಎಂದಳು.

ಸುತ್ತುದಾರಿಯಲ್ಲಿ ಯಾಕೆ ಹೋಗಲಿಲ್ಲ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಕಾರ್ಖಾನೆಯಲ್ಲಿ ನಗದೆ ಇದ್ದ ಏಳನೆಯವಳು ಆ ದಿನ ಯಾಕೆ ನಗಲಿಲ್ಲ ಎಂದು ನನಗೆ ಈಗ ತಿಳಿಯುತ್ತಿದೆ. ಬೇರೆಯವರ ಮಗಳ ಕಥೆಗೆ ನಾನೇ ದನಿ ಕೊಟ್ಟು ನನ್ನ ಮಗಳಿಗೆ ಓದಿ ಹೇಳಿದೆ. ಕೋಟನ್ನು ಒಗೆದವಳೂ ನಾನೇ, ಹರಿದ ಗುರುತು ಕಾಣದಂತೆ ಹೊಲಿದವಳೂ ನಾನೇ. ನಿನ್ನ ಕೈಯಲ್ಲಿ ರಬ್ಬರು, ನನ್ನ ಕೈಯಲ್ಲಿ ಸೂಜಿ.

ನವೆಂಬರ್ ಹನ್ನೊಂದಕ್ಕೆ ಕಾಲೇಜಿಗೆ ಪತ್ರ ಬರೆದೆ. ಉತ್ತರ ಬಂದಿದೆ: ಅಂಥ ಘಟನೆ ರಿಜಿಸ್ಟರಿನಲ್ಲಿ ದಾಖಲಾಗಿಲ್ಲ, ಆದ್ದರಿಂದ ನಡೆದಿರುವುದಕ್ಕೆ ಆಧಾರವಿಲ್ಲ, ವಿದ್ಯಾರ್ಥಿನಿ ಹಾಜರಾಗದಿದ್ದರೆ ಹೆಸರು ತೆಗೆಯಲಾಗುವುದು. ಕೆಳಗೆ ಸಾಹೇಬರ ಸಹಿ. ಅದರ ಪಕ್ಕದಲ್ಲಿ, ಪರಿಶೀಲಿಸಿದವರು ಎಂಬಲ್ಲಿ, ನಿನ್ನದು. ತಾರೀಕು ನವೆಂಬರ್ ಇಪ್ಪತ್ತು. ಮಾರನೆಯ ದಿನವೇ ನೀನು ನನಗೆ ಬೈದಾದರೂ ಬರೆ ಎಂದು ಬರೆದಿದ್ದೀಯ. ಅಷ್ಟು ಹೊತ್ತಿಗೆ ನಿನಗೆ ಎಲ್ಲವೂ ಗೊತ್ತಿತ್ತು, ಅಣ್ಣಾ.

ಅವಳು ಕೇಳುತ್ತಿರುವುದು ಇಷ್ಟೇ: ಅದು ಎಲ್ಲಾದರೂ ಬರೆದಿರಬೇಕು, ಇಂಕಿನಲ್ಲಿ. ಇಲ್ಲದಿದ್ದರೆ ಅದು ನಡೆದೇ ಇಲ್ಲವೆಂದು ಒಂದು ದಿನ ತನಗೇ ಅನ್ನಿಸಿಬಿಡಬಹುದು ಎನ್ನುತ್ತಾಳೆ. ಆಗುತ್ತದೆಯೋ ಇಲ್ಲವೋ, ಒಂದು ಸಾಲಿನಲ್ಲಿ ತಿಳಿಸು. ತಮಾಷೆ ಬೇಡ.

ತಂಗಿ


ಡಿಸೆಂಬರ್ 24

ತಂಗಿಗೆ,

ಆಗಿದೆ. ನೀನು ಕೇಳಿದ್ದು ಒಂದು ಸಾಲು. ಉಳಿದದ್ದನ್ನು ಓದುವುದೂ ಬಿಡುವುದೂ ನಿನ್ನಿಷ್ಟ.

ನೀನು ಗುಂಡಿಯ ವಿಷಯ ಬರೆದಿದ್ದೆ, ಸೆಪ್ಟೆಂಬರಿನ ಪತ್ರದಲ್ಲಿ. ನಾನು ಓದಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಅವು ಕಣ್ಣೆದುರಿಗೆ ಬಿದ್ದಾಗ ಹೊಳೆಯಲಿಲ್ಲ. ಹೊಳೆದದ್ದು ನಿನ್ನ ಒಂದನೇ ತಾರೀಕಿನ ಪತ್ರ ಬಂದಾಗ. ಹಾಗಿದ್ದೂ ಇಪ್ಪತ್ತನೇ ತಾರೀಕು ಸಾಹೇಬರು ಕಾಗದ ಮುಂದಿಟ್ಟು, "ನಿಮ್ಮ ರಿಜಿಸ್ಟರ್‌ನಲ್ಲಿ ಇಲ್ಲ ತಾನೇ?" ಎಂದಾಗ ಸಹಿ ಹಾಕಿದೆ. ನಿವೃತ್ತಿಗೆ ಮೂರು ವರ್ಷ ಇದೆ, ಇರುವ ಕೋಣೆ ಕಾಲೇಜಿನದ್ದು. ಹೇಡಿತನಕ್ಕೆ ಬೇರೆ ಕಾರಣ ಹುಡುಕುವುದಿಲ್ಲ.

ನಿನ್ನ ಪತ್ರ ಬಂದ ದಿನ ರಿಜಿಸ್ಟರು ತೆಗೆದೆ. ಒತ್ತಿ ಬರೆಯುವುದು ನನ್ನ ಅಭ್ಯಾಸ. ರಬ್ಬರು ಉಜ್ಜಿದರೂ ಅಕ್ಷರದ ತಗ್ಗು ಹಾಗೇ ಇತ್ತು. ಅದರ ಮೇಲೆಯೇ ಇಂಕಿನಲ್ಲಿ ಬರೆದೆ. ಸಾಹೇಬರು ನೋಡಿದರು. ಮಾರನೆಯ ದಿನ ನನ್ನನ್ನು ಕಿಟಕಿಯಿಂದ ಎಬ್ಬಿಸಿ ವಾಹನಗಳ ಗೇಟಿಗೆ ಹಾಕಿದರು. ದೂರುದಾರರ ಸಹಿಯಿಲ್ಲದ ಬರಹ ಅಕ್ರಮವೆಂದು ಆ ಸಾಲಿಗೆ ಅಡ್ಡಗೆರೆ ಎಳೆದರು.

ಆಮೇಲೆ ನಾನೇ ಟೈಪು ಮಾಡಿದ ಕೈಪಿಡಿ ತೆಗೆದು ಓದಿದೆ. ಒಂಬತ್ತನೇ ಪುಟ, ಕೆಳಗಿನಿಂದ ಮೂರನೇ ಸಾಲು: ನೊಂದವರ ಪರವಾಗಿ ಯಾರು ಬೇಕಾದರೂ ದೂರು ಕೊಡಬಹುದು, ನೊಂದವರ ಹೆಸರು ಹೇಳಬೇಕಾಗಿಲ್ಲ, ಅದೇ ದಿನ ದಾಖಲಿಸತಕ್ಕದ್ದು. ಹನ್ನೊಂದು ವರ್ಷ ಆ ಸಾಲು ಅಲ್ಲೇ ಇತ್ತು. ಯಾರಿಗೂ ಹೇಳಲಿಲ್ಲ.

ಮಗಳ ಕೋಣೆಯ ಜೊತೆಗಾತಿಯನ್ನು ಹುಡುಕಿಕೊಂಡು ಹೋದೆ. ಅಂದು ಗುಂಡಿ ತಂದಿದ್ದವಳು ಅವಳೇ. ನನ್ನನ್ನು ಕಂಡು ಬಾಗಿಲು ಹಾಕಲು ನೋಡಿದಳು. ಬಾಗಿಲಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿದೆ. ಗುಂಡಿಗಳು ಅದೇ ಪೊಟ್ಟಣದಲ್ಲಿ ಅವಳ ಪೆಟ್ಟಿಗೆಯಲ್ಲಿದ್ದವು. ಇಬ್ಬರೂ ಕಿಟಕಿಗೆ ಹೋದೆವು. ನನ್ನ ಜಾಗದಲ್ಲಿ ಈಗ ಪಕ್ಕದ ಮೇಜಿನ ಹೆಂಗಸು, ನನ್ನ ಮಾತಿಗೆ ನಗುತ್ತಿದ್ದವಳು. ಪೆನ್ಸಿಲ್ಲು ತೆಗೆದಳು. "ಮುಖ ನೋಡಿದಾರಾ? ಅಂಗಿ ಬಣ್ಣ?" ಎಂದಳು. ನಾನು ಕಲಿಸಿದ ಮಾತು, ನನ್ನದೇ ರಾಗ. ಆಮೇಲೆ ತಲೆ ಎತ್ತದೆ, "ಮೂರು ದಿನ ಬಿಟ್ಟು ಬನ್ನಿ" ಎಂದಳು.

ಒಂಬತ್ತನೇ ಪುಟ ತೋರಿಸಿದೆ. ಸಾಹೇಬರು ರಜೆಯಲ್ಲಿದ್ದಾರೆ ಎಂದಳು. ಆ ಕಿಟಕಿಯ ಎದುರು ಒಂದು ಬೆಂಚು ಇದೆ, ನಾನು ಯಾವತ್ತೂ ಕೂತಿರಲಿಲ್ಲ. ಗೇಟಿನ ಕೆಲಸಕ್ಕೆ ರಜೆ ಹಾಕಿ ಮೂರು ದಿನ ಕೂತೆ. ಜೊತೆಗಾತಿ ತರಗತಿ ಮುಗಿದಾಗಲೆಲ್ಲ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಆ ಬೆಂಚಿನಿಂದ ಕಿಟಕಿಯೊಳಗಿನವರ ಮುಖ ಕಾಣುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ. ಮೂರನೆಯ ದಿನ ಇಬ್ಬರೂ ಇಂಕಿನಲ್ಲಿ ಸಹಿ ಹಾಕಿದೆವು. ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿದೆ: ಈ ದೂರು ಅಕ್ಟೋಬರ್ 22ಕ್ಕೇ ಬಂದಿತ್ತು, ಅಳಿಸಿದವನು ನಾನು. ನಕಲು ಪ್ರತಿ ಇದರ ಜೊತೆಗಿದೆ. ಪೊಲೀಸ್ ಠಾಣೆಗೂ ಕೊಟ್ಟಿದ್ದೇನೆ. ಎರಡು ತಿಂಗಳು ಎಲ್ಲಿದ್ದಿರಿ ಎಂದು ಕೇಳಿದರು. ಅಳಿಸಿದವನು ನಾನು ಎಂಬ ಸಾಲನ್ನು ತೋರಿಸಿದೆ.

ಮಗಳಿಗೆ ಇದನ್ನು ಓದಿ ಹೇಳು ಎಂದು ಕೇಳುವ ಮುಖ ನನಗಿಲ್ಲ.

ಅಣ್ಣ


ಜನವರಿ 9

ಅಣ್ಣನಿಗೆ,

ನಕಲು ಪ್ರತಿ ಬಂತು. ಅವಳು ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಆ ಕಾಲೇಜಿಗೆ ಮತ್ತೆ ಬರುವುದಿಲ್ಲ. ನಾನು ಹಾಕಿದ ಬೇರೆ ಗುಂಡಿಗಳನ್ನು ಬಿಚ್ಚಿದ್ದೇನೆ, ತೇಪೆಯನ್ನೂ ಬಿಚ್ಚಿದ್ದೇನೆ. ಪೊಲೀಸರು ಕೇಳಿದರೆ ಕೋಟು ಹರಿದೇ ಇರಲಿ.

ಪಿಟೀಲು ಎಂಬ ಹೆಸರನ್ನು ಇನ್ನು ಬಿಡು.

ತಂಗಿ


ಮೇ 14

ತಂಗಿಗೆ,

ಈ ವರ್ಷದ ಸುರಕ್ಷತಾ ಪತ್ರಿಕೆ ಇಟ್ಟಿದ್ದೇನೆ. ಗೇಟಿನಲ್ಲಿ ಬಂದ ಪ್ರತಿ ಕಾರಿಗೂ ಒಂದೊಂದು ಕೊಡುವ ಕೆಲಸ ನನ್ನದೇ. ಹಲ್ಲೆ ಎಂಬಲ್ಲಿ ನೋಡು: ಒಂದು. ತೆಗೆಸಲು ಸಾಹೇಬರು ಮಾಡದ ಪ್ರಯತ್ನವಿಲ್ಲ, ಠಾಣೆಯಲ್ಲೂ ದಾಖಲಾಗಿದ್ದರಿಂದ ಆಗಲಿಲ್ಲ. ಅವನು ಸಿಕ್ಕಿಲ್ಲ, ಸಿಗುವ ಹಾಗೂ ಕಾಣುವುದಿಲ್ಲ. ಜಿಮ್ನಾಸಿಯಮ್ಮಿನ ಹಿಂದೆ ಎರಡೂ ದೀಪ ಉರಿಯುತ್ತಿವೆ.

ಮುಂದಿನ ತಿಂಗಳು ನನ್ನ ವಿಚಾರಣೆ. ಅದರ ಚಿಂತೆ ನಿನಗೆ ಬೇಡ. ಆ ಒಂದನ್ನು ಮಗಳಿಗೆ ತೋರಿಸು.

ಅಣ್ಣ


ಮೇ 29

ಅಣ್ಣನಿಗೆ,

ತೋರಿಸಿದೆ. ನಿನ್ನ ಪತ್ರಗಳನ್ನು ಈಗ ಅವಳೇ ಓದಿಕೊಳ್ಳುತ್ತಾಳೆ, ಮನಸ್ಸಿನಲ್ಲೇ. ಇಲ್ಲಿಯ ಕಾಲೇಜಿಗೆ ಅರ್ಜಿ ಹಾಕಿದ್ದಾಳೆ. ಬೀದಿಯ ಕೊನೆಯವರೆಗೆ ಒಬ್ಬಳೇ ಹೋಗಿ ಬರುತ್ತಾಳೆ, ಅದಕ್ಕಿಂತ ದೂರ ಇನ್ನೂ ಹೋಗುವುದಿಲ್ಲ.

ಪತ್ರಿಕೆಯಲ್ಲಿ ಆ ಒಂದರ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು, "ಅಮ್ಮ, ಈ ಒಂದು ನಾನು. ಆ ಒಂದು ಚಪ್ಪಲಿ ಹುಡುಗಿ ಎಲ್ಲಿ?" ಅವಳ ಮಾತನ್ನು ಅಂದೇ ಬರೆದುಕೊಂಡಿದ್ದರೆ ಆ ದೀಪಗಳು ಅಂದೇ ಉರಿಯುತ್ತಿದ್ದವೇನೋ ಎಂದಳು. ಆ ಹುಡುಗಿಗೆ ಪತ್ರ ಬರೆಯಬೇಕಂತೆ. ನೀನು ಅವಳ ಹೆಸರು ತಿಳಿಸಬೇಕಂತೆ.

ತಂಗಿ


ಜೂನ್ 8

ಮಗಳೇ,

ಈ ಪತ್ರ ನಿನಗೇ.

ಅವಳ ಹೆಸರು ಕೇಳಿದ್ದೆ, ಬರೆದುಕೊಂಡಿದ್ದೆ, ಅಳಿಸಿದೆ. ನಿನ್ನ ಅಮ್ಮನ ಪತ್ರ ಬಂದಂದಿನಿಂದ ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ, ಬರುತ್ತಿಲ್ಲ. ಹಳೆಯ ರಿಜಿಸ್ಟರನ್ನು ಒಮ್ಮೆ ನೋಡಲು ಬಿಡಿ ಎಂದು ಸಾಹೇಬರ ಮುಂದೆ ಕೈಕಟ್ಟಿ ನಿಂತೆ. ಬೀರುವಿಗೆ ಬೀಗ ಹಾಕಿಸಿದ್ದಾರೆ. ವಿಚಾರಣೆಯಲ್ಲಿ ಮತ್ತೆ ಕೇಳುತ್ತೇನೆ. ಎಷ್ಟು ಹೆಸರು ಅಳಿಸಿದ್ದೇನೆ ಎಂಬ ಲೆಕ್ಕವೂ ನನ್ನ ಬಳಿ ಇಲ್ಲ.

ಹೋದ ವರ್ಷ ನೀನು, ಅವಳು ಹಾಸ್ಟೆಲಿಗೆ ಹೇಗೆ ಹೋದಳು ಎಂದು ಕೇಳಿ ಕಳಿಸಿದ್ದೆ. ನಿನ್ನ ಅಮ್ಮ ಬರೆದಿದ್ದಳು, ನಾನು ಉತ್ತರ ಕೊಡಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅವಳು ಹೋಗುವುದನ್ನು ಕಿಟಕಿಯಿಂದ ನೋಡಿದ್ದೆ. ಮೆಟ್ಟಿಲಿಳಿದು, ಕಾಲಲ್ಲಿದ್ದ ಆ ಒಂದು ಚಪ್ಪಲಿಯನ್ನೂ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ ಹೋದಳು.

ಮಾವ